ಕಾಣದ ಗಂಟು

ಟೈಲರಮ್ಮ ಕೋಟಿನ ಗುಂಡಿಯನ್ನು ಬೆಳಕಿಗೆ ಹಿಡಿದು ಹೊರಳಿಸಿದಳು. ಅಂಗಡಿಯಲ್ಲಿ ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಮಗನ ಶವಪೆಟ್ಟಿಗೆ ಇತ್ತು. ಮುಚ್ಚಳಕ್ಕೆ ಮೊಳೆ ಹೊಡೆದಿದ್ದರು. ತೆರೆಯಕೂಡದೆಂದು ಸೈನ್ಯದ ಅಪ್ಪಣೆ. ಸಾಯುವಾಗ ಅವನು ತೊಟ್ಟಿದ್ದನೆಂದು ಈ ಕೋಟನ್ನೂ ಕಳಿಸಿದ್ದರು.

"ಪೆಟ್ಟಿಗೆ ಎತ್ತಬೇಡಿ. ಇದು ನನ್ನ ಮಗನ ಕೋಟಲ್ಲ."

"ಸೈನ್ಯದ ಕೋಟು ಎಲ್ಲಾ ಒಂದೇ ಥರ ಕಣಕ್ಕ," ಎಂದ ತಮ್ಮ. "ಹೊರಗೆ ಜನ ಕಾಯ್ತಿದ್ದಾರೆ."

"ಕಾಯಲಿ. ಗಂಟು ಮೇಲೇ ಕಾಣ್ತಿದೆ ನೋಡು. ನನ್ನ ಮಗ ಹೀಗೆ ಹೊಲೀತಾನಾ?"

ಪೆಟ್ಟಿಗೆಯ ಜೊತೆ ಬಂದಿದ್ದ ಸೈನಿಕ ಗೋಡೆಯ ಕಡೆ ತಿರುಗಿದ. ಸೆಕೆಗೆ ಬೆವರು ಇಳಿಯುತ್ತಿದ್ದರೂ ತನ್ನ ಕೋಟು ಬಿಚ್ಚಿರಲಿಲ್ಲ. ಕೆಳಗಿನ ಗುಂಡಿಯನ್ನು ತಿರುಚುತ್ತಲೇ ಇದ್ದ. ಏನೋ ಮುಚ್ಚಿಡುತ್ತಿದ್ದಾನೆ ಎಂದು ಅವಳಿಗೆ ಖಾತ್ರಿಯಾಯಿತು. ಪೆಟ್ಟಿಗೆಯಲ್ಲಿರುವುದು ಬೇರೆ ಯಾರೋ. ತನ್ನ ಮಗ ಎಲ್ಲೋ ಬದುಕಿದ್ದಾನೆ. ಆ ಇನ್ನೊಬ್ಬನಿಗೂ ತಾಯಿ ಇರುತ್ತಾಳೆಂದು ಹೊಳೆದು ನಾಚಿಕೆಯಾಯಿತು. ಆದರೂ ಆಸೆ ಬಿಡಲಿಲ್ಲ.

*

ಕಾಲೇಜಿಗೆ ಚಕ್ಕರ್ ಹೊಡೆದು ಮಗ ಇದೇ ಅಂಗಡಿಯಲ್ಲಿ ಕೂರುತ್ತಿದ್ದ. ಗುಂಡಿಯ ಬುಡಕ್ಕೆ ದಾರ ಸುತ್ತಿ, ಗಂಟನ್ನು ಆ ಸುತ್ತಿನೊಳಗೆ ಅಡಗಿಸುವುದು ಅವಳೇ ಕಂಡುಕೊಂಡ ಕ್ರಮ, ಅವನಿಗೊಬ್ಬನಿಗೇ ಕಲಿಸಿದ್ದಳು.

"ಯಾರಿಗೂ ಕಾಣದ ಗಂಟಿಗೆ ಯಾಕಮ್ಮ ಇಷ್ಟು ಒದ್ದಾಟ?"

"ಗುಂಡಿ ಉದುರಿದ್ರೆ ನನ್ನ ಮರ್ಯಾದೆ ಉದುರಿದ ಹಾಗೆ ಕಣೋ."

"ಹಾಗಾದ್ರೆ ನಿನ್ನ ಮರ್ಯಾದೆ ನನ್ನ ಕೈಲಿದೆ," ಎಂದು ನಕ್ಕಿದ್ದ. ಯುದ್ಧಕ್ಕೆ ಹೊರಡುವ ಮುಂಚೆ, ಸೈನ್ಯ ಕೊಟ್ಟ ಕೋಟಿನ ಗುಂಡಿಗಳನ್ನೆಲ್ಲ ಕಿತ್ತು ತಾನೇ ಮತ್ತೆ ಹೊಲಿದುಕೊಂಡಿದ್ದ.

*

"ಕೋಟು ಬಿಚ್ಚಪ್ಪ," ಎಂದಳು ಟೈಲರಮ್ಮ, ಸೈನಿಕನಿಗೆ.

"ಪರವಾಗಿಲ್ಲಮ್ಮ."

"ಬಿಚ್ಚು."

ಬಿಚ್ಚಿ ಕೊಟ್ಟ. ಅವಳು ಒಂದೊಂದೇ ಗುಂಡಿ ಹೊರಳಿಸಿದಳು. ಎಲ್ಲೂ ಗಂಟು ಕಾಣಲಿಲ್ಲ.

"ನನ್ನ ಮಗನ ಕೋಟು ನಿನ್ನ ಮೈಮೇಲೆ ಯಾಕಿದೆ?"

"ನನಗೆ ಜ್ವರ ಬಂದಿತ್ತು. ಕಂದಕದ ನೀರಲ್ಲಿ ನನ್ನ ಕೋಟು ನೆಂದು ತೊಪ್ಪೆಯಾಗಿತ್ತು. ಅವನು ತನ್ನದನ್ನ ನನಗೆ ತೊಡಿಸಿ ನಂದು ಹಾಕ್ಕೊಂಡ. ಕಾವಲು ಸರದಿ ನಂದು. ನೀನು ಮಲ್ಕೋ, ನಾನು ಹೋಗ್ತೀನಿ ಅಂದ." ಸೈನಿಕ ಪೆಟ್ಟಿಗೆಯ ಮೇಲೆ ಕೈಯಿಟ್ಟ. "ಪೆಟ್ಟಿಗೇಲಿ ಮಲಗಿಸಿದ್ದು ನಾನೇ. ಅವನೇ ಅಮ್ಮ."

ಅವಳಿಗೆ ಸೈನಿಕನ ಕೆನ್ನೆಗೆ ಬಾರಿಸಬೇಕೆನ್ನಿಸಿತು. ಕೋಟನ್ನು ಮುಖಕ್ಕೆ ಒತ್ತಿಕೊಂಡು ಅತ್ತಳು. ಕೆಳಗಿನ ಗುಂಡಿ ಸಡಿಲವಾಗಿ ಜೋತಾಡುತ್ತಿತ್ತು. ಬಹಳ ಹೊತ್ತಿನ ಮೇಲೆ ಸೂಜಿಗೆ ದಾರ ಪೋಣಿಸಿ ಅದನ್ನು ಬಿಗಿ ಮಾಡಿದಳು. ಗಂಟನ್ನು ಒಳಗೆ ಅಡಗಿಸಿ ದಾರವನ್ನು ಹಲ್ಲಿನಿಂದ ಕಡಿದಳು. ಸೈನಿಕನಿಗೆ ಕೋಟು ತೊಡಿಸಿ, ಕತ್ತಿನ ತನಕ ಎಲ್ಲ ಗುಂಡಿ ಹಾಕಿದಳು.

"ಈಗ ಎತ್ತಿ," ಎಂದಳು.

ಅವನು ಬಗ್ಗಿ ಪೆಟ್ಟಿಗೆಗೆ ಹೆಗಲು ಕೊಟ್ಟ. ಎದೆಯ ಮೇಲೆ ಕೋಟು ಬಿಗಿದು ಎಳೆಯಿತು. ಒಂದು ಗುಂಡಿಯೂ ಅಲುಗಲಿಲ್ಲ.