ಬೇರಿಂಗಿಗೆ ಒಂದು ಚಮಚ ಎಣ್ಣೆ

“ಆ ಎಣ್ಣೆ ಏನು ನಿಮ್ಮಪ್ಪನ ಮನೇದೇನೇ? ಡಬ್ಬಿಗಟ್ಲೆ ಕದ್ದು ಮಾರ್ಕೊಂಡ್ ತಿಂತೀರ, ಕಳ್ ನನ್ಮಕ್ಳಾ!”

ಧಣಿ ಗುಸ್ತಿ ಎಣ್ಣೆಯ ಬೀರುವಿಗೆ ಬೀಗ ಜಡಿದು ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡ. ಬಿಳಿ ಅಂಗಿ, ಬಿಳಿ ರುಮಾಲು, ಕಿವಿಯ ಮೇಲೊಂದು ಹೂವು. ನೋಡಿದರೆ ಕೈಮುಗಿಯಬೇಕು, ಹಾಗಿದ್ದ. ಅಂದು ಬಾಲಿ ದ್ವೀಪದಲ್ಲೆಲ್ಲ ಕಬ್ಬಿಣದ ಸಾಮಾನುಗಳಿಗೆ ಪೂಜೆ. ಕಡಲ ದಂಡೆಯಲ್ಲಿ ಬಾಡಿಗೆಗೆ ಬಿಡುವ ಅವನ ಜೆಟ್‌ಸ್ಕೀಗಳು, ನೀರ ಮೇಲೆ ಓಡುವ ಬೈಕುಗಳು, ಎಳೆ ತೆಂಗಿನಗರಿ ಕಟ್ಟಿಸಿಕೊಂಡು ಮದುಮಕ್ಕಳಂತೆ ನಿಂತಿದ್ದವು. ಒಂದು ಮಾತ್ರ ಶೆಡ್ಡಿನಲ್ಲಿ ಹೊಟ್ಟೆ ಬಿಚ್ಚಿಕೊಂಡು ಬಿದ್ದಿತ್ತು.

ಅದರ ಮುಂದೆ ಕೂತಿದ್ದ ಮೆಕ್ಯಾನಿಕ್ ರಸ್ಮಿನಿಯ ಕೈಯಲ್ಲಿ ಎಂಜಿನ್ನಿನ ಕನೆಕ್ಟಿಂಗ್ ರಾಡ್ ಇತ್ತು. “ಧಣೀ, ಬೇರಿಂಗಿಗೆ ಎಣ್ಣೆ ಹಾಕ್ದೆ ಹೆಂಗ್ ಕೂರ್ಸಲಿ?”

“ಪೆಟ್ರೋಲ್‌ನಾಗೆ ಎಣ್ಣೆ ಕಲ್ಸೀವಲ್ಲ, ಸಾಕು. ಬಾಯ್ ಮುಚ್ಕೊಂಡ್ ಕೂರ್ಸು. ಪೂಜೆ ಮುಗೀತಿದ್ದಂಗೆ ಗಿರಾಕಿ ಬತ್ತಾರೆ.”

“ಆ ಎಣ್ಣೆ ಬಂದ್ ಮುಟ್ಟೋ ಹೊತ್ಗೆ ಬೇರಿಂಗು ಒಣಗಿ ಸುಟ್ಟು ಕಚ್ಕೊಂಡಿರ್ತದೆ. ಹೋದ್ ಸಲ ಆಗಿದ್ದೂ ಅದೇ.”

ಹೋದ ಸಲ ನಡುನೀರಿನಲ್ಲಿ ಎಂಜಿನ್ ಗಕ್ಕನೆ ನಿಂತಾಗ ಅವಳ ತಮ್ಮ ಸುದಿಕ ಎಗರಿ ಬಂಡೆಯ ಮೇಲೆ ಬಿದ್ದಿದ್ದ. ಭುಜ ಮುರಿದಿತ್ತು; ಆ ಕೈ ಇನ್ನೂ ನೆಟ್ಟಗಾಗಿರಲಿಲ್ಲ. ಧಣಿ ಓಡಿ ಬಂದು ಮೊದಲು ಸವರಿ ನೋಡಿದ್ದು ಜೆಟ್‌ಸ್ಕೀಯ ಮೈಯನ್ನು. ಇವತ್ತೂ ಇದನ್ನು ಓಡಿಸಬೇಕಾದವನು ಸುದಿಕನೇ.

“ಬಿಡಕ್ಕಾ, ಈ ಸಲ ನೋಡ್ಕೊಂಡ್ ಬೀಳ್ತೀನಿ,” ಎಂದು ಹಲ್ಲು ಕಿರಿದ ಅವನು.

ಶೆಡ್ಡಿನ ಮುಂದೆ ತೀರ್ಥ ಚಿಮುಕಿಸುತ್ತಿದ್ದ ಪೂಜಾರಿ ನಕ್ಕ. “ತೀರ್ಥ ಬಿದ್ಮೇಲೆ ಯಾತರ ಭಯನೇ ತಾಯಿ?”

ನೈವೇದ್ಯಕ್ಕೆ ಇಡೀ ಹಂದಿ ಸುಡಿಸಿ ಇಟ್ಟಿದ್ದರು. ಬೇರಿಂಗಿಗೆ ಒಂದು ಚಮಚ ಎಣ್ಣೆಗೆ ಗತಿಯಿರಲಿಲ್ಲ.

ರಸ್ಮಿನಿ ಎದ್ದಳು. ಒಣ ರಾಡನ್ನು ತಂದು ಹಂದಿಯ ಪಕ್ಕ, ಹೂವಿನ ತಟ್ಟೆಯ ನಟ್ಟನಡುವೆ ಠಣ್ಣನೆ ಇಟ್ಟಳು.

“ಹಾಕಿ ಅಯ್ಯನೋರೇ, ಇದಕ್ಕೂ ತೀರ್ಥ. ಈಗ್ಲೇ ಕೂರ್ಸಿಬಿಡ್ತೀನಿ. ಮೊದ್ಲ ಸವಾರಿ ಮಾತ್ರ ಧಣೀದು. ಆ ಬಂಡೆ ತಂಕ ಹೋಗಿ ಬರ್ಲಿ.”

ಯಾರೋ ಕಿಸಕ್ಕೆಂದರು. ಆಮೇಲೆ ದಂಡೆಯ ಹುಡುಗರೆಲ್ಲ ಹೋ ಎಂದು ನಕ್ಕರು. ಪೂಜಾರಿಯ ತೀರ್ಥದ ಕೈ ಮೇಲೆಯೇ ನಿಂತಿತು.

“ಲೌಡಿ, ಎಷ್ಟೇ ಕೊಬ್ಬು ನಿಂಗೆ!” ಎಂದು ಧಣಿ ಕೂಗಿದನಾದರೂ ಅವನ ಕೈ ತಾನಾಗಿಯೇ ಸೊಂಟದ ಕೀಲಿಯತ್ತ ಹೋಗಿತ್ತು.

ಸುದಿಕ ನೆಟ್ಟಗಿದ್ದ ಕೈಯಿಂದ ತನ್ನ ಲೈಫ್ ಜಾಕೆಟ್ ಬಿಚ್ಚಿದ. ಅದನ್ನು ಧಣಿಯ ಬಿಳಿ ಅಂಗಿಯ ಮೇಲೆ ತಾನೇ ತೊಡಿಸಿ, ಪಟ್ಟಿಯನ್ನು ಬಿಗಿಯಾಗಿ ಎಳೆದು ಕಟ್ಟಿದ.

“ಗಟ್ಟಿಯಾಗ್ ಹಿಡ್ಕಳಿ ಧಣೀ,” ಎಂದ. “ಗಕ್ಕನೆ ನಿಂತ್ರೆ ಎತ್ತಿ ಒಗೀತದೆ.”