ಕತ್ತರಿ ಹಾಕುವ ಮುನ್ನ

ಟೈಲರಮ್ಮನಿಗೆ ಒಂದು ಹಟವಿತ್ತು. ಗಿರಾಕಿ ಎದುರಿಗೆ ನಿಂತು ಹೂಂ ಅನ್ನುವ ತನಕ ಬಟ್ಟೆಗೆ ಕತ್ತರಿ ಹಾಕುತ್ತಿರಲಿಲ್ಲ. ಸೀಮೆಸುಣ್ಣದ ಗೆರೆ ತೋರಿಸಿ, "ಇಲ್ಲಿಗೆ ಕತ್ತರಿಸ್ಲಾ? ನೋಡಿ ಹೇಳಿ, ಆಮೇಲೆ ನನ್ನ ಬೈಬೇಡಿ" ಎನ್ನುವಳು. ಬೇಸತ್ತು ಬೇರೆ ಅಂಗಡಿ ಹಿಡಿದವರೂ ಉಂಟು.

ಇಪ್ಪತ್ತು ವರ್ಷ ಆ ಹಟವನ್ನು ಗೇಲಿ ಮಾಡಿಕೊಂಡು ಬಂದ ಗಂಡ, ಬಸ್ ಡ್ರೈವರ್, ಈಗ ಆಪರೇಷನ್ ಥಿಯೇಟರಿನ ಮುಂಕೋಣೆಯಲ್ಲಿ ಅವಳ ಸ್ಟ್ರೆಚರಿನ ಕಂಬಿ ಹಿಡಿದು ಬೆವರುತ್ತಿದ್ದ. ಎದೆಯಲ್ಲಿ ಸಣ್ಣ ಗಂಟು, ತೆಗೆದುಬಿಡ್ತಾರೆ ಎಂದು ಹೆಂಡತಿಗೆ ಹೇಳಿದ್ದ. ಅದು ಕ್ಯಾನ್ಸರ್, ಎಡ ಸ್ತನವನ್ನೇ ತೆಗೆಯುವುದು ಒಳ್ಳೆಯದು ಎಂದು ಡಾಕ್ಟರು ಹೇಳಿದ್ದನ್ನು ನುಂಗಿಕೊಂಡಿದ್ದ. "ನಾನೇ ಅವಳಿಗೆ ಹೇಳಿ ಸಹಿ ಹಾಕಿಸ್ತೀನಿ" ಎಂದು ಫಾರಂ ಈಸಿಕೊಂಡವನು, ಕಾರಿಡಾರಿನಲ್ಲೇ ನಿಂತು ಅವಳ ಪರವಾಗಿ ತನ್ನ ಸಹಿ ಗೀಚಿದ್ದ. ಹೆದರಿ ಎದ್ದು ಮನೆಗೆ ಹೊರಟುಬಿಟ್ಟರೆ? ಆಮೇಲೆ ಕೈಮೀರಿದರೆ? ಅವನಿಗೆ ಅವಳು ಬೇಕಿತ್ತು. ಕೆಲವು ಗಂಡಸರ ಪ್ರೀತಿಯೇ ಹೀಗೆ, ಕೇಳುವುದೊಂದನ್ನು ಬಿಟ್ಟು ಉಳಿದದ್ದೆಲ್ಲ ಮಾಡುತ್ತದೆ.

ಒಳಗೆ ಬಿಡುವ ಮುಂಚೆ ರೋಗಿಯ ಬಾಯಿಂದಲೇ ಹೇಳಿಸುವುದು ಅಲ್ಲಿನ ಪದ್ಧತಿ. ಡ್ರೈವರನಿಗೆ ಅದು ಗೊತ್ತಿರಲಿಲ್ಲ.

"ಏನು ಆಪರೇಷನ್ ಅಮ್ಮಾ? ನೀವೇ ಹೇಳಿ," ಎಂದರು ಸಿಸ್ಟರ್.

"ಗಂಟು ತೆಗೆಯೋದು."

ಸಿಸ್ಟರ್ ಫೈಲು ನೋಡಿದರು. "ಗಂಟು ಮಾತ್ರಾನಾ?"

"ಹೂಂ ಅನ್ನೇ," ಎಂದ ಡ್ರೈವರ್.

ಅವಳು ಅನ್ನಲಿಲ್ಲ. ಕೈಚಾಚಿ ಫೈಲು ತೆಗೆದುಕೊಂಡು ಎರಡು ಸಲ ಓದಿದಳು.

"ರೀ, ಇದು ನಿಮ್ಮ ಸಹಿ ಅಲ್ವಾ?"

"ನೀನು ಹೆದರ್ಕೋತೀಯ ಅಂತ..."

"ಹೆದರ್ಕೋತಿದ್ದೆ. ಹೆದರ್ಕೊಂಡೇ ಯೋಚನೆ ಮಾಡ್ತಿದ್ದೆ. ಮೈ ನಂದು ಕಣ್ರೀ. ಯಾರದೋ ಬಟ್ಟೆಗೆ ನಾನು ಕೊಡೋ ಮರ್ಯಾದೆ ನನಗಿಲ್ವಾ?"

ಸಿಸ್ಟರ್ ಡಾಕ್ಟರಿಗೆ ಹೇಳಿಕಳಿಸಿದರು. ಡಾಕ್ಟರು ಓಡಿ ಬಂದರು. "ಮೊದಲು ಇವರನ್ನ ಹೊರಗೆ ಕಳಿಸಿ," ಎಂದಳು ಅವಳು.

ಬಾಗಿಲ ಗಾಜಿನಿಂದ ಅವನು ಇಣುಕುತ್ತಲೇ ಇದ್ದ. ಅವಳು ತನ್ನ ಎದೆಯ ಮೇಲೆ ಬೆರಳಿನಿಂದ ಗೆರೆ ಎಳೆದು ಏನೋ ಕೇಳುತ್ತಿದ್ದಳು. ಡಾಕ್ಟರು ಒಮ್ಮೆ ಹೌದೆಂದು ತಲೆಯಾಡಿಸಿದರು, ಒಮ್ಮೆ ಇಲ್ಲವೆಂದು. ಮುಕ್ಕಾಲು ಗಂಟೆಯ ನಂತರ ಸ್ಟ್ರೆಚರ್ ಒಳಕ್ಕೆ ಹೋಯಿತು. ಅವಳು ತಿರುಗಿ ನೋಡಲಿಲ್ಲ.

ಸಿಸ್ಟರ್ ಹೊರಬಂದರು. "ಹೊಸ ಫಾರಂಗೆ ಅವರೇ ಸಹಿ ಹಾಕಿದ್ರು."

"ಯಾವುದಕ್ಕೆ? ಪೂರ್ತಿ ತೆಗೆಯೋದಕ್ಕಾ, ಗಂಟಿಗೆ ಮಾತ್ರಾನಾ?"

"ನಿಮಗೆ ಹೇಳ್ಬೇಡಿ ಅಂದಿದಾರೆ. ಎಚ್ಚರ ಆದ್ಮೇಲೆ ತಾವೇ ಹೇಳ್ತಾರಂತೆ."

ಬಾಗಿಲ ಮೇಲೆ ಕೆಂಪು ದೀಪ ಹತ್ತಿತು. ಅವನು ಅದನ್ನೇ ನೋಡುತ್ತ ಬೆಂಚಿನ ಮೇಲೆ ಕೂತ.

"ಎಷ್ಟೊತ್ತಾಗುತ್ತೆ ಸಿಸ್ಟರ್? ಅದನ್ನಾದ್ರೂ ಹೇಳಿ," ಎಂದ.

ಸಿಸ್ಟರ್ ಆಗಲೇ ಒಳಗೆ ಹೋಗಿದ್ದರು.