ಒತ್ತಿಯೇ ಇದ್ದ ಗುಂಡಿ

ವಿಮಾನವನ್ನು ರನ್‌ವೇಯತ್ತ ನಡೆಸುತ್ತಿದ್ದ ಕ್ಯಾಪ್ಟನ್, ಪಕ್ಕದಲ್ಲಿದ್ದ ಸಹಪೈಲಟ್ ಯುವತಿಯನ್ನು ಬಾಯಿಗೆ ಬಂದಂತೆ ಬಯ್ಯುತ್ತಿದ್ದರು. “ಒಂದು ಸ್ವಿಚ್ ಹಾಕೋಕೂ ಮುಹೂರ್ತ ನೋಡ್ಬೇಕೇನಮ್ಮ? ನಿಂಗೆ ಲೈಸೆನ್ಸ್ ಕೊಟ್ಟ ಪುಣ್ಯಾತ್ಮ ಯಾರು?”

ಅವಳು ರೇಡಿಯೊ ಗುಂಡಿಯನ್ನು ಒತ್ತಿಯೇ ಇದ್ದ ಅವರ ಹೆಬ್ಬೆರಳನ್ನು ತೋರಿಸಿದಳು. ಅವರು ಬೆಚ್ಚಿ ಬೆರಳು ತೆಗೆದರು. ಅಷ್ಟು ಹೊತ್ತೂ ಅವರ ಬೈಗುಳವೇ ಪ್ರಸಾರವಾಗುತ್ತಿದ್ದು, ಆ ರೇಡಿಯೊದಲ್ಲಿ ಬೇರೆ ಯಾರಿಗೂ ಮಾತಾಡಲು ಎಡೆಯಿರಲಿಲ್ಲ. ಇಳಿಯಲು ಬಂದಿದ್ದ ವಿಮಾನವೊಂದು ಅನುಮತಿ ಸಿಗದೆ ಮತ್ತೆ ಮೇಲೇರಿತ್ತು. ಅದರೊಳಗಿಂದ, ಕ್ಯಾಪ್ಟನ್‌ಗೆ ಹಾರಾಟ ಕಲಿಸಿದ ಗುರುಗಳ ದನಿ ರೇಡಿಯೊದಲ್ಲಿ ಬಂತು: “ಬೈದು ಮುಗೀತೇನಪ್ಪಾ? ನಾವಿನ್ನು ಇಳೀಬಹುದಾ?”

ಭೂಮಿ ಬಾಯ್ಬಿಟ್ಟು ನುಂಗಬಾರದೇ ಅನ್ನಿಸಿತು ಕ್ಯಾಪ್ಟನ್‌ಗೆ. “ತಪ್ಪಾಯ್ತಮ್ಮ,” ಎಂದು ಅವಳಿಗಷ್ಟೇ ಕೇಳುವಂತೆ ಗೊಣಗಿದರು.

“ಬೈದದ್ದು ಎಲ್ರಿಗೂ ಕೇಳ್ಸಿದೆ ಸರ್. ಇದನ್ನೂ ಗುಂಡಿ ಒತ್ತಿಯೇ ಹೇಳಿ.”

ಗುರುಗಳ ವಿಮಾನ ಸುತ್ತು ಹಾಕಿ ಬಂದು ಇಳಿಯುವವರೆಗೆ ಅವರು ತಲೆ ತಗ್ಗಿಸಿ ಕಾದರು. ಆಮೇಲೆ ಅದೇ ಹೆಬ್ಬೆರಳಿನಿಂದ ಗುಂಡಿ ಒತ್ತಿದರು.